ದುರ್ವಾಸನೆ ನಿವಾರಕಕ್ಕೆ ಯಾರ ಮೂಗಿನ ಪ್ರಮಾಣಪತ್ರ?

ನಮಸ್ಕಾರ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಫಿಶ್‌ಮೀಲ್ (ಮೀನನ್ನು ಬೇಯಿಸಿ ಒಣಗಿಸಿ ಮಾಡುವ ಪುಡಿ) ಕಾರ್ಖಾನೆಯ ಮಗ್ಗುಲಲ್ಲಿ ವಾಸಿಸುವವರಿಗೆ, ಮಧ್ಯಾಹ್ನ ಕಡಲ ಗಾಳಿ ಎದ್ದೊಡನೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ದೂರು ಕೊಟ್ಟರೆ ಸಿಗುವ ಉತ್ತರ ಸಾಮಾನ್ಯವಾಗಿ ಇಷ್ಟೇ: ‘ನಿವಾರಕ ದ್ರಾವಣ ಸಿಂಪಡಿಸುತ್ತಿದ್ದೇವೆ, ಅದು ಸಂಪೂರ್ಣ ಸುರಕ್ಷಿತ.’ ಅದು ಕೆಲಸ ಮಾಡುತ್ತದೆ ಎಂಬುದಕ್ಕೂ, ಸುರಕ್ಷಿತ ಎಂಬುದಕ್ಕೂ ಬೇರೆ ಬೇರೆ ಪುರಾವೆ ಕೇಳಬೇಕೆಂಬುದು ನನ್ನ ವಾದ.

ಕಡಲ ಮೀನಿನಲ್ಲಿರುವ ಟ್ರೈಮೀಥೈಲಮೈನ್ ಆಕ್ಸೈಡನ್ನು ಬ್ಯಾಕ್ಟೀರಿಯಾಗಳು ಟ್ರೈಮೀಥೈಲಮೈನ್ ಎಂಬ ನಾರುವ ಅನಿಲವಾಗಿ ಮಾರ್ಪಡಿಸುತ್ತವೆ. ತಾರ್ಲೆ ಮೀನು ಐಸ್ ಇಲ್ಲದೆ ರಾಶಿ ಬಿದ್ದಷ್ಟೂ ಇದು ಹೆಚ್ಚುತ್ತದೆ. ಬೇಯಿಸಿ ಒಣಗಿಸುವಾಗ ಆವಿಯೊಂದಿಗೆ ಹೊರಬೀಳುತ್ತದೆ. (ಎಲ್ಲ ದ್ರಾವಣಗಳಿಗಿಂತ ಒಳ್ಳೆಯ ನಿವಾರಕ ಐಸ್ ಎಂದೇ ನನ್ನ ಅನಿಸಿಕೆ.) ಇದು ಕ್ಷಾರಗುಣದ ಅನಿಲವಾದ್ದರಿಂದ ಸ್ಕ್ರಬರ್‌ನಲ್ಲಿ (ಹೊರಬೀಳುವ ಗಾಳಿಯನ್ನು ತೊಳೆಯುವ ಯಂತ್ರ) ಆಮ್ಲ ಬೆರೆಸಿದ ನೀರು ಹಾಯಿಸಿ ಹಿಡಿಯಬಹುದು. ಬರೀ ಪರಿಮಳದ ಮಂಜು ಅದನ್ನು ಮರೆಮಾಚುತ್ತದೆಯೇ ಹೊರತು ತಗ್ಗಿಸುವುದಿಲ್ಲ.

ಅಳೆಯುವ ದಾರಿಯೂ ಇದೆ. ಯುರೋಪಿನ ಇಎನ್ 13725 ಮಾನದಂಡದ ಪ್ರಕಾರ, ಚೀಲದಲ್ಲಿ ಹಿಡಿದ ಗಾಳಿಗೆ ವಾಸನೆರಹಿತ ಗಾಳಿ ಬೆರೆಸಿ, ಮೂಸಿ ನೋಡುವ ತಂಡದ ಅರ್ಧದಷ್ಟು ಜನರಿಗೆ ಮಾತ್ರ ವಾಸನೆ ಗೊತ್ತಾಗುವ ಹಂತವನ್ನು ಗುರುತಿಸುತ್ತಾರೆ. ತಂಡದವರ ಮೂಗನ್ನೂ ಮೊದಲೇ ಬ್ಯುಟನಾಲ್ ಎಂಬ ರಾಸಾಯನಿಕದ ವಾಸನೆಯಿಂದ ಪರೀಕ್ಷಿಸಿರುತ್ತಾರೆ. ನಮ್ಮಲ್ಲಿ ಇಂಥ ಪರೀಕ್ಷೆ ಮಾಡುವುದಾದರೆ ದ್ರಾವಣ ಸಿಂಪಡಿಸಿದಾಗ ಮಾತ್ರವಲ್ಲ, ಬರೀ ನೀರು ಸಿಂಪಡಿಸಿದಾಗಲೂ ಅಳೆಯಬೇಕು. ಟ್ರೈಮೀಥೈಲಮೈನ್ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ದ್ರಾವಣಕ್ಕೆ ಸಿಕ್ಕ ಹೆಸರು ನಿಜಕ್ಕೂ ನೀರಿಗೆ ಸಲ್ಲಬೇಕಾದದ್ದಾಗಿರಬಹುದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ದೋಣಿಗಳು ದಡದಲ್ಲಿ ನಿಂತಿರುವಾಗ ತೆಗೆದ ಮಾದರಿಯಂತೂ ಯಾವ ಲೆಕ್ಕಕ್ಕೂ ಬಾರದು.

ಸುರಕ್ಷತೆಯ ವಿಷಯ ಇನ್ನೂ ಗಂಭೀರ. ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟು ನಡೆಸಿದ ಪರೀಕ್ಷೆಯನ್ನು ಮುಂದಿಟ್ಟು ‘ವಿಷವಲ್ಲ’ ಎನ್ನುವುದುಂಟು. ನಾವು ಅದನ್ನು ಕುಡಿಯುವುದಿಲ್ಲ, ಉಸಿರಾಡುತ್ತೇವೆ. ದಕ್ಷಿಣ ಕೊರಿಯಾದಲ್ಲಿ ಮನೆಯ ಹ್ಯುಮಿಡಿಫೈಯರ್ (ಗಾಳಿಗೆ ತೇವ ಕೊಡುವ ಯಂತ್ರ) ನೀರಿಗೆ ಬೆರೆಸುತ್ತಿದ್ದ ಪಿಎಚ್‌ಎಂಜಿ ಎಂಬ ಸೋಂಕುನಿವಾರಕವು ಸೂಕ್ಷ್ಮ ಹನಿಗಳಾಗಿ ಶ್ವಾಸಕೋಶಕ್ಕಿಳಿದು ಗರ್ಭಿಣಿಯರನ್ನೂ ಮಕ್ಕಳನ್ನೂ ಬಲಿ ತೆಗೆದುಕೊಂಡದ್ದು 2011ರಲ್ಲಿ ಬಯಲಾಯಿತು. ಇನ್ನೊಂದು ಅಪಾಯ ಕಾರ್ಖಾನೆಯ ಒಳಗೇ ಇದೆ. ಕೊಳೆತ ಮೀನಿನ ನೀರು ನಿಂತ ತೊಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರು ಭಾಗ) ಮುಟ್ಟುವಷ್ಟರಲ್ಲಿ ಮೂಗೇ ಸೋತು ವಾಸನೆ ತಿಳಿಯದಾಗುತ್ತದೆ. ಅದಕ್ಕೂ ಮೊದಲು ಸಿಗುವ ಕೊಳೆತ ಮೊಟ್ಟೆಯ ನಾತವೊಂದೇ ಕಾರ್ಮಿಕನಿಗೆ ಎಚ್ಚರಿಕೆ. ಅದನ್ನೂ ಪರಿಮಳದಿಂದ ಮುಚ್ಚಿಬಿಟ್ಟರೆ, ಗ್ಯಾಸ್ ಮೀಟರ್ ಇಲ್ಲದೆ ತೊಟ್ಟಿಗಿಳಿಯುವವನನ್ನು ಕಾಯುವುದು ಏನೂ ಉಳಿಯುವುದಿಲ್ಲ.

ಪ್ರತಿ ದ್ರಾವಣದ ಸುರಕ್ಷತಾ ಮಾಹಿತಿ ಪತ್ರದಲ್ಲಿ 16 ವಿಭಾಗಗಳಿರುತ್ತವೆ, 11ನೆಯದು ವಿಷತ್ವದ್ದು. ಅಲ್ಲಿ ಉಸಿರಾಟದ ಸಾಲಿನೆದುರು ‘ಮಾಹಿತಿ ಲಭ್ಯವಿಲ್ಲ’ ಎಂದಿದ್ದರೆ, ಆ ದ್ರಾವಣವನ್ನು ಊರಿನ ಗಾಳಿಗೆ ಸಿಂಪಡಿಸಲು ಗ್ರಾಮ ಪಂಚಾಯಿತಿ ಒಪ್ಪಕೂಡದು.