ಕಾಣದ ಬಣ್ಣದ ಜಾಡು

ಕೇಳುಗರೇ, ನಮಸ್ಕಾರ.

ಬೇಸಿಗೆಯ ರಾತ್ರಿ ಸ್ವಾತಿ ನಕ್ಷತ್ರವನ್ನು ನೀವು ನೋಡಿರುತ್ತೀರಿ, ಅಲ್ವಾ? ಅದೇ ಪುಂಜದ ದಿಕ್ಕಿನಲ್ಲಿ, ಬರಿಗಣ್ಣಿಗೆ ಎಟುಕದ ಒಂದು ಚುಕ್ಕೆ ಇದೆ. ಅದರ ಬೆಳಕು ಅಲ್ಲಿಂದ ಹೊರಟು ಸುಮಾರು 1,310 ಕೋಟಿ ವರ್ಷ ಆಯಿತು. ಅದು ಒಂದು ಕ್ವೇಸಾರ್. ದೈತ್ಯ ಕಪ್ಪುಕುಳಿಯೊಂದರ ಸುತ್ತ ಅನಿಲ ಗಿರಕಿ ಹೊಡೆಯುತ್ತಾ, ಕಾದು ಕೆಂಡವಾಗಿ, ತಾನಿರುವ ಇಡೀ ಗ್ಯಾಲಕ್ಸಿಯನ್ನೇ ಮಂಕು ಮಾಡುವಷ್ಟು ಬೆಳಗುತ್ತದೆ.

ಇಂಥದ್ದನ್ನು ಕೋಟಿಗಟ್ಟಲೆ ಚುಕ್ಕೆಗಳ ನಡುವೆ ಹೇಗೆ ಹುಡುಕುತ್ತಾರೆ? ಯಾವ ಬಣ್ಣದಲ್ಲಿ ಅದು ಕಾಣಿಸುವುದಿಲ್ಲ ಎಂದು ನೋಡುತ್ತಾರೆ.

ವಿಶ್ವ ಹಿಗ್ಗುತ್ತಿದೆ. ಅದರ ಜೊತೆ ಬೆಳಕಿನ ಅಲೆಯೂ ಹಿಗ್ಗುತ್ತದೆ. ಹೈಡ್ರೋಜನ್ ಹೊಮ್ಮಿಸುವ ಒಂದು ನೇರಳಾತೀತ ಬೆಳಕಿದೆ. ಅದರ ಅಲೆಯುದ್ದ 121.6 ನ್ಯಾನೊಮೀಟರ್. ಈ ಕ್ವೇಸಾರಿನಿಂದ ನಮ್ಮ ತನಕ ಬರುವಷ್ಟರಲ್ಲಿ ಅದು ಎಂಟೂವರೆ ಪಟ್ಟು ಹಿಗ್ಗಿ, ಸುಮಾರು 1,040 ಆಗಿ, ಕೆಂಪಿನಾಚೆಯ, ಕಣ್ಣಿಗೆ ಕಾಣದ ಅವಕೆಂಪಿಗೆ ಜಾರಿರುತ್ತದೆ. ಅದಕ್ಕಿಂತ ಚಿಕ್ಕ ಅಲೆಗಳನ್ನು ದಾರಿಯಲ್ಲಿದ್ದ ಹೈಡ್ರೋಜನ್ ನುಂಗಿಬಿಟ್ಟಿರುತ್ತದೆ. ಹಾಗಾಗಿ ಅವಕೆಂಪು ಫಿಲ್ಟರಿನ ಚಿತ್ರದಲ್ಲಿ ಚುಕ್ಕೆ ಇರುತ್ತದೆ. ಅದೇ ಜಾಗವನ್ನು ಕೆಂಪು ಫಿಲ್ಟರಿನಲ್ಲಿ ನೋಡಿದರೆ ಬರೀ ಕತ್ತಲು.

ಆದರೆ ಇಲ್ಲೇ ಮೋಸ ಹೋಗುವುದು. ನಮ್ಮ ಆಕಾಶಗಂಗೆಯಲ್ಲೇ ಕಂದು ಕುಬ್ಜಗಳಿವೆ. ನಕ್ಷತ್ರವಾಗುವಷ್ಟು ತೂಕವಿಲ್ಲದ ಕಾಯಗಳು. ಅವೂ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ, ಸಂಖ್ಯೆಯಲ್ಲೂ ತುಂಬಾ ಜಾಸ್ತಿ. ಬೆಳಕನ್ನು ಬಿಡಿಸಿ ರೋಹಿತ ನೋಡಿದ ಮೇಲೆಯೇ ಖಾತ್ರಿ. 2017ರ ಮಾರ್ಚ್‌ನಲ್ಲಿ ಖಗೋಳ ವಿಜ್ಞಾನಿ ಎಡ್ವಾರ್ಡೊ ಬನ್ಯಾಡೋಸ್ ಮತ್ತು ಸಂಗಡಿಗರು ಚಿಲಿಯ ಲಾಸ್ ಕಂಪಾನಾಸ್‌ನಲ್ಲಿರುವ ಆರೂವರೆ ಮೀಟರಿನ ಮೆಗೆಲ್ಲನ್ ದೂರದರ್ಶಕವನ್ನು ಈ ಚುಕ್ಕೆಯತ್ತ ತಿರುಗಿಸಿದರು. ಹತ್ತು ನಿಮಿಷದ ಬೆಳಕು ಸಾಕಾಯಿತು. ಒಂದು ಕಡೆ ಏನೂ ಇಲ್ಲ, ಆಮೇಲೆ ಥಟ್ಟನೆ ಬೆಳಕು. ಕ್ವೇಸಾರೇ!

ಅದರ ಕಪ್ಪುಕುಳಿಯ ತೂಕ 80 ಕೋಟಿ ಸೂರ್ಯರಷ್ಟು. ಆ ಬೆಳಕು ಹೊರಟಾಗ ವಿಶ್ವಕ್ಕೆ ಬರೀ 69 ಕೋಟಿ ವರ್ಷ. ಇದೇ ನನಗೆ ಬೆರಗು. ಕಪ್ಪುಕುಳಿ ಮನಬಂದಂತೆ ತಿನ್ನಲಾಗದು. ಒಳಗೆ ಬೀಳುವ ಅನಿಲದಿಂದ ಹೊಮ್ಮುವ ಬೆಳಕೇ ಹಿಂದಿನ ಅನಿಲವನ್ನು ಹೊರಗೆ ತಳ್ಳುತ್ತದೆ. ನಕ್ಷತ್ರ ಸತ್ತು ಹುಟ್ಟಿದ ಪುಟ್ಟ ಕಪ್ಪುಕುಳಿ, ಬಿಡುವಿಲ್ಲದೆ ತಿಂದರೂ, ಇಷ್ಟು ಬೇಗ ಇಷ್ಟು ದಪ್ಪಗಾಗುವುದು ಕಷ್ಟ. ದೊಡ್ಡ ಅನಿಲದ ಮೋಡವೇ ನೇರವಾಗಿ ಕುಸಿದು, ಹುಟ್ಟುವಾಗಲೇ ಹತ್ತಾರು ಸಾವಿರ ಸೂರ್ಯರಷ್ಟು ತೂಗಿರಬಹುದೇ? ನನ್ನ ಒಲವು ಈ ಕಡೆಗೇ. 2021ರಲ್ಲಿ ಪ್ರಕಟವಾದ ಇನ್ನೊಂದು ಕ್ವೇಸಾರ್ ಈ ಒಗಟನ್ನು ಇನ್ನೂ ಬಿಗಿ ಮಾಡಿತು: ಆಗ ವಿಶ್ವಕ್ಕೆ 67 ಕೋಟಿ ವರ್ಷ, ಅದರ ಕಪ್ಪುಕುಳಿಗೆ 160 ಕೋಟಿ ಸೂರ್ಯರ ತೂಕ.

ಯೂಕ್ಲಿಡ್ ದೂರದರ್ಶಕ 2023ರ ಜುಲೈನಲ್ಲಿ ಬಾಹ್ಯಾಕಾಶಕ್ಕೆ ಹೋಗಿದೆ. ಆಕಾಶದ ಮೂರನೇ ಒಂದು ಭಾಗದಷ್ಟನ್ನು ಅವಕೆಂಪಿನಲ್ಲೂ ಚಿತ್ರ ತೆಗೆಯುವುದು ಅದರ ಕೆಲಸ. ಇನ್ನೂ ಹಿಂದಿನ ಕಾಲದ ಕ್ವೇಸಾರ್‌ಗಳು ಅದರ ಚಿತ್ರಗಳಲ್ಲೇ ಸಿಗಬೇಕು.

ನಮಸ್ಕಾರ.