ಮದುವೆಯೂಟಕ್ಕೆ ಕೂತವರು

ಸ್ನೇಹಿತರೆ, ಈಗಷ್ಟೇ ನಾವೆಲ್ಲ ಒಟ್ಟಿಗೆ ಕೂತು ‘ಯಿಡ್ಲ್ ಮಿಟ್ನ್ ಫಿಡ್ಲ್’ ಎಂಬ ಹಳೆಯ ಸಿನಿಮಾ ನೋಡಿದೆವು. ಯಹೂದಿಗಳ ಕುರಿತ ಸಿನಿಮಾ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನಾಜಿ ಶಿಬಿರಗಳ ಮುಳ್ಳುತಂತಿ ಮತ್ತು ಅಲ್ಲಿಗೆ ಜನರನ್ನು ಸಾಗಿಸಿದ ರೈಲುಬೋಗಿಗಳು. ಅವರ ಸಾವನ್ನು ತೆರೆಯ ಮೇಲೆ ಎಷ್ಟು ಸಲ ನೋಡಿದ್ದೇವೆಂದರೆ, ಅವರು ಹೇಗೆ ಬದುಕಿದ್ದರು ಎಂದು ಕೇಳುವುದನ್ನೇ ಮರೆತಿದ್ದೇವೆ. ಆ ಪ್ರಶ್ನೆಯನ್ನು ಕೇಳಲೆಂದೇ ನಾನು ಇಲ್ಲಿ ನಿಂತಿದ್ದೇನೆ.

ಲೋಡ್ಜ್ ನಗರದಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ನಿರ್ಮಾಪಕ ಜೋಸೆಫ್ ಗ್ರೀನ್, ಈ ಚಿತ್ರಕ್ಕಾಗಿ ಪೋಲೆಂಡಿಗೆ ಮರಳಿ, 1936ರಲ್ಲಿ ವಿಸ್ಟುಲಾ ನದಿಯ ದಂಡೆಯ ಕಾಜಿಮೆಜ್ ಡೋಲ್ನಿ ಎಂಬ ಪುಟ್ಟ ಊರಿನಲ್ಲಿ ಕ್ಯಾಮೆರಾ ಇಟ್ಟರು. ಅಲ್ಲಿನ ಸುಮಾರು ಅರ್ಧದಷ್ಟು ಜನ ಯಹೂದಿಗಳು, ಅವರ ಮನೆಮಾತು ಯಿಡ್ಡಿಷ್. ನಾಯಕಿ ಮೋಲಿ ಪಿಕಾನ್‌ಗೆ ಆಗ 38 ವರ್ಷ. ಗಂಡುಡುಗೆ ತೊಟ್ಟು, ಪಿಟೀಲು ಹಿಡಿದು, ತಂದೆಯ ಜೊತೆ ಊರೂರು ಅಲೆಯುವ ಹುಡುಗಿಯಾಗಿ ನೀವೆಲ್ಲರೂ ಅವರನ್ನು ನಂಬಿದಿರೆಂದು ನಿಮ್ಮ ನಗುವೇ ಹೇಳಿತು.

ಆ ಮದುವೆಯ ದೃಶ್ಯದ ಕಥೆ ಹೇಳದೆ ನಾನು ಮುಂದೆ ಹೋಗಲಾರೆ. ನೆಂಟರಾಗಿ ಕೂರಿಸಿದ್ದು ಊರಿನವರನ್ನೇ, ಬಡಿಸಿದ್ದು ನಿಜವಾದ ಊಟವನ್ನೇ. ಮುಂದಿನ ಶಾಟಿಗೆ ತಟ್ಟೆ ತುಂಬಿರಬೇಕು, ಆದರೆ ಹಸಿದವರು ಅಷ್ಟರಲ್ಲೇ ಅದನ್ನು ಖಾಲಿ ಮಾಡಿರುತ್ತಿದ್ದರು; ಮತ್ತೆ ತರಿಸಬೇಕು, ಮತ್ತೆ ಬಡಿಸಬೇಕು. ಇದು ನಿಜವಾದ ಮದುವೆಯೆಂದೇ ಕೆಲವರು ತಿಳಿದಿದ್ದರಂತೆ. ಮೂರನೇ ಪಂಕ್ತಿಗೂ ಪಾಯಸ ಸಾಲಬೇಕೆಂದು ಓಡಾಡಿದವರು ನಮ್ಮಲ್ಲೂ ಇದ್ದೀರಿ. ಅಂದಿನ ನಿರ್ಮಾಪಕರ ಪಾಡು ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ.

1942ರಲ್ಲಿ ನಾಜಿಗಳು ಆ ಊರಿನ ಯಹೂದಿಗಳನ್ನು ಹೊರಡಿಸಿಬಿಟ್ಟರು. ಪೋಲೆಂಡಿನ ಸುಮಾರು 33 ಲಕ್ಷ ಯಹೂದಿಗಳಲ್ಲಿ 30 ಲಕ್ಷದಷ್ಟು ಜನ ಕೊಲೆಯಾದರು. ಇದನ್ನು ಬಲ್ಲ ನಾವು, ಆ ಪಂಕ್ತಿಯಲ್ಲಿ ಕೂತ ಮುದುಕನ ಕಣ್ಣಿನಲ್ಲಿ ಮುಂಬರುವ ದುರಂತವನ್ನು ಹುಡುಕತೊಡಗುತ್ತೇವೆ. ದಯವಿಟ್ಟು ಹುಡುಕಬೇಡಿ. ಆತ ಊಟ ಮಾಡುತ್ತಿದ್ದಾನೆ. ಅವನನ್ನು ಊಟ ಮಾಡುವವನಾಗಿಯೇ ನೋಡೋಣ.

ಇದೇ ಮಾತನ್ನು 1937ರ ‘ಡಿಬ್ಬುಕ್’ ಎಂಬ ಯಿಡ್ಡಿಷ್ ಚಿತ್ರದ ಕುರಿತೂ ಹೇಳುತ್ತೇನೆ. ನಮ್ಮ ಚಿತ್ರದ ಫ್ರೋಯಿಮ್ ಆಗಿದ್ದ ಲಿಯೋನ್ ಲೀಬ್‌ಗೋಲ್ಡ್ ಅದರಲ್ಲೂ ನಾಯಕ. ಮದುವೆಯ ದಿನ ಮೃತ್ಯುವಿನ ವೇಷದೊಡನೆ ವಧು ಕುಣಿಯುವುದನ್ನು ಬರಲಿದ್ದ ಸರ್ವನಾಶದ ಮುನ್ಸೂಚನೆಯೆಂದು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೂಲ ನಾಟಕವನ್ನು ಬರೆದ ಆನ್‌ಸ್ಕಿ, ಮೊದಲ ಮಹಾಯುದ್ಧಕ್ಕೂ ಮುಂಚೆ ಹಳ್ಳಿಹಳ್ಳಿ ಸುತ್ತಿ ಜನರ ನಂಬಿಕೆಗಳನ್ನು, ಕಥೆಗಳನ್ನು ಸಂಗ್ರಹಿಸಿದವರು, 1920ರಲ್ಲೇ ತೀರಿಕೊಂಡವರು. ಆ ಕುಣಿತದ ಹಿಂದಿರುವುದು ಬದುಕಿದ್ದ ಸಮಾಜವೊಂದರ ಕಲ್ಪನೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ನಮ್ಮ ಹಿಂದಿ ಚಿತ್ರಗಳ ಡೇವಿಡ್, ನಾದಿರಾ ಇಬ್ಬರೂ ಯಹೂದಿಗಳೆಂಬುದನ್ನು ಹೇಳಿಯಷ್ಟೇ ಮುಂದೆ ಹೋಗಬೇಕಾಗಿದೆ. ಆ ವಿಷಯಕ್ಕೆ ಬೇರೊಂದು ಸಂಜೆಯೇ ಬೇಕು.

ಒಂದೇ ಒಂದು ಸಂಗತಿ ಉಳಿದಿದೆ. ಯುದ್ಧದಲ್ಲಿ ಹಾಳಾದ ಕಾಜಿಮೆಜ್‌ನ ಸಿನಗಾಗ್ ಅನ್ನು, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರವನ್ನು, 1950ರ ದಶಕದಲ್ಲಿ ಮತ್ತೆ ಕಟ್ಟಿದಾಗ, ಪ್ರಾರ್ಥಿಸುವವರು ಊರಿನಲ್ಲಿ ಉಳಿದಿರಲಿಲ್ಲ. ಆ ಕಟ್ಟಡ ಸಿನಿಮಾ ಮಂದಿರವಾಯಿತು. ಅದರೊಳಗೆ ಯಾವ ಯಾವ ಚಿತ್ರಗಳು ಓಡಿದವೋ, ನನ್ನ ಮನಸ್ಸು ಮಾತ್ರ ಅಲ್ಲಿನ ಬೆಳ್ಳಿತೆರೆಯ ಮೇಲೆ ಆ ಮದುವೆಯ ಪಂಕ್ತಿಯನ್ನೇ ಕಾಣುತ್ತದೆ. ಅಧ್ಯಕ್ಷರು ಇನ್ನು ಐದು ನಿಮಿಷ ಕೊಟ್ಟರೆ, ದೀಪ ಆರಿಸಿ, ಆ ಭಾಗವನ್ನು ಇನ್ನೊಮ್ಮೆ ಹಾಕಿಸಿ.