ರಾತ್ರಿ ರಸ್ತೆಯ ಬಿಳಿ ಗೆರೆ ಹೊಳೆಯುವುದು ಹೇಗೆ?

[ದೃಶ್ಯ: ಕತ್ತಲಾಗುತ್ತಿರುವ ಚಾರ್ಮಾಡಿ ಘಾಟಿ. ಕಾರಿನ ಒಳಗಿನಿಂದ ಕಾಣುವ ರಸ್ತೆ.]

ನಮಸ್ಕಾರ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಉಜಿರೆ ಕಡೆಗೆ ಘಾಟಿ ಇಳಿಯುತ್ತಿದ್ದೀರಿ ಅಂದುಕೊಳ್ಳಿ. ಮಂಜು ಕವಿದಿದೆ. ತಿರುವಿನಲ್ಲಿ ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯುತ್ತದೆ. ಆಗ ಆ ಲೈಟನ್ನು ನೋಡಬೇಡಿ. ವೇಗ ಇಳಿಸಿ, ಎಡಗಡೆ ಅಂಚಿನ ಬಿಳಿ ಗೆರೆಯ ಮೇಲೆ ಕಣ್ಣಿಡಿ. ರಸ್ತೆ ಎಲ್ಲಿಗೆ ಮುಗಿಯುತ್ತದೆ ಅಂತ ಅದು ಹೇಳುತ್ತದೆ.

[ದೃಶ್ಯ: ಗೆರೆಯ ಕ್ಲೋಸಪ್.]

ಆದರೆ ಬರೀ ಬಿಳಿ ಬಣ್ಣ ರಾತ್ರಿ ಇಷ್ಟು ಹೊಳೆಯುವುದಿಲ್ಲ. ಇದರಲ್ಲಿ ಗಾಜಿದೆ! ರಾಗಿ ಕಾಳಿಗಿಂತ ಸಣ್ಣ ಗಾಜಿನ ಗುಂಡುಗಳು.

ಹೆದ್ದಾರಿಯ ಗೆರೆಗೆ ಸಾಮಾನ್ಯವಾಗಿ ಬಳಸುವುದು ಥರ್ಮೋಪ್ಲಾಸ್ಟಿಕ್, ಅಂದರೆ ಕಾಯಿಸಿದರೆ ಕರಗಿ, ಆರಿದರೆ ಗಟ್ಟಿಯಾಗುವ ಬಣ್ಣ. ಅದರ ಪುಡಿಯನ್ನು ಬಾಯ್ಲರಿನಲ್ಲಿ ಸುಮಾರು 200 ಡಿಗ್ರಿಗೆ ಕರಗಿಸಿ, ಎರಡೂವರೆ ಮಿಲಿಮೀಟರ್ ದಪ್ಪಕ್ಕೆ ಎಳೆಯುತ್ತಾರೆ. ಅದು ಬಿಸಿ ಇರುವಾಗಲೇ ಮೇಲೆ ಗುಂಡುಗಳನ್ನು ಉದುರಿಸಬೇಕು. ಗುಂಡು ಅರ್ಧದಷ್ಟು ಮಾತ್ರ ಹೂತಿರಬೇಕು. ಪೂರ್ತಿ ಮುಳುಗಿದರೆ ಬೆಳಕು ಒಳಗೆ ಹೋಗುವುದಿಲ್ಲ. ಮೇಲೆಮೇಲೆ ಕೂತರೆ ಟಯರು ಕಿತ್ತುಕೊಂಡು ಹೋಗುತ್ತದೆ. ಎಷ್ಟು ನಾಜೂಕಿನ ಕೆಲಸ ನೋಡಿ! ಬಿಸಿಲಲ್ಲಿ, ಓಡುವ ಗಾಡಿಗಳ ಪಕ್ಕದಲ್ಲೇ ನಿಂತು ಇದನ್ನು ಮಾಡುವವರ ಮೇಲೆ ನನಗೆ ತುಂಬಾ ಗೌರವ.

[ದೃಶ್ಯ: ಚಿತ್ರ. ಗುಂಡಿನೊಳಗೆ ಬೆಳಕಿನ ದಾರಿ.]

ನಿಮ್ಮ ಹೆಡ್‌ಲೈಟಿನ ಬೆಳಕು ಗುಂಡಿನೊಳಗೆ ಬಾಗಿ, ಹಿಂದಿನ ಬಣ್ಣಕ್ಕೆ ಬಡಿದು, ಬಂದ ದಾರಿಯಲ್ಲೇ ನಿಮ್ಮ ಕಡೆಗೆ ವಾಪಸ್ ಬರುತ್ತದೆ. ಮಳೆ ಬಂದಾಗ ಗುಂಡುಗಳ ಮೇಲೆ ನೀರಿನ ಪದರ ಕೂರುತ್ತದೆ, ಬೆಳಕು ಮುಂದಕ್ಕೆ ಜಾರಿಹೋಗುತ್ತದೆ. ಗೆರೆ ಮಾಯ! ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಕೈಕೊಡುತ್ತದೆ ಅಲ್ವಾ? ಅದಕ್ಕೇ ರಸ್ತೆಯಿಂದ ಸ್ವಲ್ಪ ಎದ್ದು ನಿಲ್ಲುವ ಸ್ಟಡ್‌ಗಳನ್ನೂ, ಅಂದರೆ ಬೆಳಕನ್ನು ವಾಪಸ್ ಕಳಿಸುವ ಸಣ್ಣ ಬಿಲ್ಲೆಗಳನ್ನೂ ಕೂರಿಸುತ್ತಾರೆ. ಇಂಗ್ಲೆಂಡಿನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಪಡೆದ ‘ಕ್ಯಾಟ್ಸ್ ಐ’ ಇವಕ್ಕೆ ಅಜ್ಜ ಇದ್ದ ಹಾಗೆ.

[ದೃಶ್ಯ: ನಡುಗೆರೆ.]

ನಡುವಿನ ಗೆರೆ ತುಂಡು ತುಂಡಾಗಿದ್ದರೆ, ಎದುರು ಖಾಲಿಯಿದ್ದಾಗ ದಾಟಿ ಓವರ್‌ಟೇಕ್ ಮಾಡಬಹುದು. ಉದ್ದಕ್ಕೆ ಒಂದೇ ಗೆರೆಯಿದ್ದರೆ ದಾಟಬಾರದು. ಎರಡೂ ಜೊತೆಗಿದ್ದರೆ ನಿಮ್ಮ ಕಡೆಗಿರುವ ಗೆರೆಯನ್ನು ಪಾಲಿಸಿ. ತಿರುವಿನಲ್ಲಿ ಈ ಉದ್ದ ಗೆರೆಯನ್ನು ಸುಮ್ನೆ ಹಾಕಿರುವುದಿಲ್ಲ. ಎದುರಿನಿಂದ ಬರುವ ಗಾಡಿ ನಿಮಗೆ ಕಾಣುವುದಿಲ್ಲ, ಅದಕ್ಕೆ.

[ದೃಶ್ಯ: ಮೊಬೈಲ್ ಟಾರ್ಚ್ ಹಿಡಿದ ಕೈ.]

ಇವತ್ತು ರಾತ್ರಿ ಒಂದು ಪರೀಕ್ಷೆ ಮಾಡಿ. ಫುಟ್‌ಪಾತ್ ಮೇಲೇ ನಿಂತು, ಮೊಬೈಲ್ ಟಾರ್ಚನ್ನು ಕೆನ್ನೆಗೆ ತಾಗಿಸಿ ಹತ್ತು ಹೆಜ್ಜೆ ದೂರದ ಗೆರೆಗೆ ಬಿಡಿ. ಆಮೇಲೆ ಟಾರ್ಚನ್ನು ಸೊಂಟಕ್ಕೆ ಇಳಿಸಿ. ಹೊಳಪು ಕುಗ್ಗಿದರೆ ಗುಂಡುಗಳು ಇನ್ನೂ ಇವೆ. ಎರಡೂ ಸಲ ಮಂಕಾಗಿಯೇ ಕಂಡರೆ ಅವು ಸವೆದುಹೋಗಿರಬಹುದು. ಫೋಟೋ ತೆಗೆದು ನಗರಸಭೆಗೋ ಪಂಚಾಯಿತಿಗೋ ದೂರು ಕೊಡಿ. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.